ಹಾಲು ನಿಲ್ಲುವವರೆಗೆ

ಅತ್ತೆಯವರಿಗೆ ನಮಸ್ಕಾರ.

ನಾನೂ ಮಗುವೂ ಅಮ್ಮನ ಮನೆಯಲ್ಲಿ ಚೆನ್ನಾಗಿದ್ದೇವೆ. ಭಾವನವರ ಕೈಗೆ ಹದಿನಾಲ್ಕು ಹೊಲಿಗೆ ಬಿದ್ದಿವೆ, ಎರಡು ಬೆರಳು ಇನ್ನು ಮಡಚುವುದಿಲ್ಲ ಎಂದು ನನ್ನ ಗಂಡ ಫೋನಿನಲ್ಲಿ ಹೇಳಿದರು.

ಮಕ್ಕಳಿಲ್ಲದ ಅವರಿಗೆ ನನ್ನ ಮಗುವನ್ನು ಕೊಡುತ್ತೇನೆಂದು ಮಾತು ಕೊಟ್ಟವರು ನೀವು. ಅವರು ತೊಟ್ಟಿಲಿಗೆ ಕೈ ಹಾಕಿದಾಗ, "ಇವಳು ನಾಲ್ಕು ದಿನ ಅತ್ತು ಸುಮ್ಮನಾಗ್ತಾಳೆ, ನೀನು ನಡಿಯಪ್ಪ" ಎಂದಿರಿ. ಹೊಲಿಗೆ ಯಂತ್ರದ ಮೇಲೆ ನನ್ನ ದೊಡ್ಡ ಕತ್ತರಿ ಇತ್ತು. ಮೂರು ಸಲ ಚುಚ್ಚಿದೆ. ಎದೆಯೆಲ್ಲ ಒದ್ದೆಯಾದಾಗ ಅವರ ರಕ್ತವೆಂದುಕೊಂಡೆ. ನೋಡಿದರೆ ನನ್ನದೇ ಹಾಲು.

"ಹಾಲಿಳಿಸೋ ಹಾರ್ಮೋನೇ ಕಚ್ಚೋದನ್ನೂ ಕಲಿಸುತ್ತೆ ಕಣಮ್ಮ. ಮರಿ ಹಾಕಿದ ಬೆಕ್ಕನ್ನ ನೋಡಿಲ್ವಾ?" ಎಂದು ಆಸ್ಪತ್ರೆಯಲ್ಲಿ ನರ್ಸಮ್ಮ ನಕ್ಕರು. ಡಾಕ್ಟರೂ ಹಾಗೆಯೇ ಬರೆದುಕೊಟ್ಟಿದ್ದಾರೆ. ಹಾಲು ನಿಂತರೆ ಈ ಸಿಟ್ಟೂ ಇಳಿಯುತ್ತದಂತೆ. ಅದನ್ನೊಪ್ಪಿ ಆ ಕಾಗದಕ್ಕೆ ಸಹಿ ಹಾಕಿದರೆ ಭಾವನವರು ಪೊಲೀಸರಿಗೆ ಕೊಟ್ಟ ದೂರು ವಾಪಸು ಪಡೆಯುತ್ತಾರೆ, ಮಗುವಿನ ಜೊತೆ ಮನೆಗೆ ಬಾ ಎಂದು ಹೇಳಿ ಕಳಿಸಿದ್ದೀರಿ. ನಿಮ್ಮದು ದೊಡ್ಡ ಮನಸ್ಸು.

ನಾನು ಸಹಿ ಹಾಕುವುದಿಲ್ಲ. ಹಾಲು ನಿಲ್ಲುವುದನ್ನೇ ಕಾದು ಭಾವನವರು ಮತ್ತೆ ತೊಟ್ಟಿಲ ಹತ್ತಿರ ಬಂದಾರು. ಅವರಿಗೆ ಒಂದು ಮಾತು ತಿಳಿಸಿ. ಮೊದಲ ಸಲ ಚುಚ್ಚಿದ್ದು ಹಾರ್ಮೋನೇ ಇರಬಹುದು. ಎರಡನೆಯ ಸಲ ಅವರಿನ್ನೂ ಮಗುವನ್ನು ಬಿಟ್ಟಿರಲಿಲ್ಲ. ಮೂರನೆಯ ಸಲ ಚುಚ್ಚುವಾಗ ಮಗು ಆಗಲೇ ನನ್ನ ಎಡಗೈಯಲ್ಲಿತ್ತು.

ಪೊಲೀಸರು ಕತ್ತರಿ ಹಿಂದಿರುಗಿಸಿದರೆ ದಯವಿಟ್ಟು ಕಳಿಸಿಕೊಡಿ. ಮಗುವಿನ ಅಂಗಿ ಅರ್ಧಕ್ಕೇ ನಿಂತಿದೆ.

ನಿಮ್ಮ ಕಿರಿಯ ಸೊಸೆ