ಪಿಸುಮಾತಿನ ಬಿಸ್ಮಿಲ್ಲಾ

ಫ್ರೀಮಾಂಟ್, ಸೋಮವಾರ

ಪ್ರೀತಿಯ ಅಬ್ಬಾ, ಸಲಾಂ.

ನಿಮ್ಮ ಅಳಿಯ ಕೊನೆಗೂ ಆ ದೊಡ್ಡ ಗಂಡು ಜಿಂಕೆಯನ್ನು ಹೊಡೆದರು, ಪಕ್ಕದಲ್ಲೇ ನಾನಿದ್ದೆ! ಫೋನಿನಲ್ಲಿ ಹೇಳಿದರೆ "ನೋಡೋಣ ಬೇಟಾ" ಅಂತ ಇಟ್ಟುಬಿಡುತ್ತೀರಿ, ಅದಕ್ಕೇ ಈ ಪತ್ರ.

ಮದುವೆಯಾದ ಮೇಲೆ ನಮ್ಮನೆಯ ಮೊದಲ ಊಟದಲ್ಲಿ ಫುರ್ಕಾನ್ ಬೇಟೆಯ ಮಾಂಸ ಬಡಿಸಿದರೆ, ನೀವು ಬರೀ ಮೊಸರನ್ನ ತಿಂದು ಎದ್ದಿರಿ. "ಬಿಸ್ಮಿಲ್ಲಾ ಹೇಳಿಯೇ ಬಾಣ ಬಿಟ್ಟ ಅನ್ನೋಕೆ ಸಾಕ್ಷಿ ಯಾರು? ಹೇಳದಿದ್ದರೆ ಮಾಂಸ ಹಲಾಲ್ ಅಲ್ಲ" ಅಂದಿರಿ. ಅವರೂ ಆಮೇಲೆ ತಟ್ಟೆ ಮುಟ್ಟಲಿಲ್ಲ. ಅದಕ್ಕೇ ನಾನು ಸಾಕ್ಷಿಯಾಗಲು ಹೊರಟೆ.

ಅವರ ಗೆಳೆಯನ ಓಕ್ ಕಾಡು ಆರೇ ಎಕರೆ. ಜಿಂಕೆ ಒಮ್ಮೆ ಬೆದರಿದರೆ ಪಕ್ಕದವರ ಜಾಗಕ್ಕೆ ಹಾರಿ, ವಾರಗಟ್ಟಲೆ ಬರುವುದಿಲ್ಲ. ಮೊದಲ ದಿನ ಫುರ್ಕಾನ್ ಬಿಸ್ಮಿಲ್ಲಾವನ್ನು ಬೆರ್ರಿಯೆಸಾದಲ್ಲಿ ನಿಮಗೂ ಕೇಳಿಸುವಷ್ಟು ಜೋರಾಗಿ ಹೇಳಿದರು. ಜಿಂಕೆ ಮಾಯ. "ನಿಮ್ಮ ಅಬ್ಬಾಗಿಂತ ಮೊದಲು ಅದಕ್ಕೇ ನಂಬಿಕೆ ಬಂತು" ಅಂತ ನಕ್ಕರು.

ಎರಡು ವಾರ ಮರ ಹತ್ತಿ ಕೂತು ಕಾದೆವು. ಎಳೆಯ ಗಂಡುಗಳು ನಮ್ಮ ಮರದ ಕೆಳಗೇ ಮೇಯ್ದು ಹೋದವು, ಅವರು ಬಿಲ್ಲೆತ್ತಲಿಲ್ಲ. ನಿನ್ನೆ ಬೆಳಿಗ್ಗೆ ದೊಡ್ಡದು ಬಂತು. ಅವರು ಪಿಸುಗುಟ್ಟಿದ್ದು ನನ್ನ ಕಿವಿಗೆ ಮಾತ್ರ ಕೇಳಿಸಿತು, ಅಬ್ಬಾ. ಒಂದೇ ಬಾಣ. ನಾನು ಅಳುತ್ತಲೇ ನಗುತ್ತಿದ್ದೆ.

ಶಾಮಿ ಕಬಾಬಿಗೆ ಕಡಲೆಬೇಳೆ ನೆನೆಸಿಡಲು ಅಮ್ಮಿಗೆ ಹೇಳಿ. ನೀವು ತಿನ್ನದಿದ್ದರೆ ಅವರು ಇನ್ನು ಬಿಲ್ಲು ಮುಟ್ಟುವುದಿಲ್ಲವಂತೆ. ನಾನು ಹೇಳಿದೆ ಅಂತ ತೋರಿಸಿಕೊಳ್ಳಬೇಡಿ. ಮಾಂಸ ತರುತ್ತಿದ್ದೇವೆ, ಬ್ಯಾಗು ಭಾರ, ಸ್ಟೇಷನ್ನಿಗೆ ನೀವೇ ಬನ್ನಿ. ಬರುವ ಭಾನುವಾರ, ಫ್ರೀಮಾಂಟಿನಿಂದ ಬೆಳಿಗ್ಗೆ ಹತ್ತು ನಲವತ್ತಕ್ಕೆ ಹೊರಡುವ ಬಾರ್ಟ್ ರೈಲು.

ನಿಮ್ಮ ಸಾಕ್ಷಿ,
ಕನೀಜ್