ಆ ದವಡೆಯ ಹಲ್ಲು

ಮ್ಯೂಸಿಯಂ, ಹಿಂಬದಿಯ ಕೋಣೆ
ಮಾರ್ಚ್ ೧೪, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ತಮ್ಮಣ್ಣಾ,

ಬೆನ್ನುನೋವು ಹೇಗಿದೆ? ರೈಲಿನಲ್ಲಿ ದಾರಿಯುದ್ದಕ್ಕೂ ಕೂತೇ ಹೋದೆಯಂತೆ. ನಾಳೆಯ ಭಾಷಣದ ಗಡಿಬಿಡಿಯಲ್ಲಿ ಊಟ ಬಿಡಬೇಡ. ಮೊನ್ನೆಯಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಭಾಷಣದಲ್ಲಿ ತೋರಿಸಲು ನೀನು ಕೇಳಿದ ಆ ಪಳೆಯುಳಿಕೆ ದವಡೆಯ ಪೆಟ್ಟಿಗೆ ತರುವ ಡ್ರೈವರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಅವನು ಬಾಗಿಲಲ್ಲಿ ನಿಂತು, "ನಾಯಿ ಸತ್ತು ಎಷ್ಟೋ ಲಕ್ಷ ವರ್ಷ ಆಯ್ತು ಅಂತೀರಿ, ಈಗ್ಯಾಕಮ್ಮ ಅವಸರ?" ಎಂದು ನಗುತ್ತಿದ್ದಾನೆ. ನನಗೆ ನಗು ಬರುತ್ತಿಲ್ಲ.

ಪೆಟ್ಟಿಗೆಯಲ್ಲಿ ಇಡುವ ಮುನ್ನ ಎಂದಿನಂತೆ ದವಡೆಯನ್ನು ಅತಿನೇರಳೆ ದೀಪದಡಿ ಹಿಡಿದೆ. ಮೂಳೆಯೆಲ್ಲ ಮಂಕಾಗಿತ್ತು; ನೀನು ಮೆರೆಸುತ್ತಿರುವ ಆ ಒಂದು ಹಲ್ಲಿನ ಸುತ್ತ ಮಾತ್ರ ನೀಲಿ ಗೆರೆ ಹೊಳೆಯಿತು. ಅಂಟು. ಹಲ್ಲಿನ ಬೇರು ದವಡೆಯ ಕುಳಿಯ ತಳವನ್ನೂ ಮುಟ್ಟಿಲ್ಲ. ಅದು ತೋಳಗಳ ಕಡೆಯ ಯಾವುದೋ ಪ್ರಾಣಿಯದು, ದವಡೆ ಇಟ್ಟಿದ್ದ ತಟ್ಟೆಯಲ್ಲೇ ಬಿಡಿಯಾಗಿ ಬಿದ್ದಿದ್ದದ್ದು. ಮೂಳೆ ಅಗಿದು ಪುಡಿಮಾಡುತ್ತಿದ್ದ ಈ ದಪ್ಪ ದವಡೆಯ ನಾಯಿಗಳು ಒಂದು ಮರಿಯನ್ನೂ ಉಳಿಸದೆ ಅಳಿದವು; ಇಂದಿನ ನಾಯಿ, ತೋಳ, ನರಿಗಳೆಲ್ಲ ಬೇರೆ ಕವಲಿನವು. ದಪ್ಪ ದವಡೆಯಲ್ಲಿ ತೋಳದ ತೆಳು ಹಲ್ಲು ಎಂದರೆ ಎರಡು ಕವಲು ಬೇರೆಯಾಗುವ ಜಾಗದಲ್ಲಿ ನಿಂತ ಪ್ರಾಣಿ, ಅದಕ್ಕೊಂದು ಹೊಸ ಹೆಸರು, ನಿನಗೆ ಖಾಯಂ ಕೆಲಸ. ಹಲ್ಲು ಇಲ್ಲದಿದ್ದರೆ ನಮ್ಮ ಕಪಾಟಿನಲ್ಲಿ ಇಂಥದ್ದೇ ಇನ್ನೊಂದು ದವಡೆ, ಅಷ್ಟೆ.

ಅದರದ್ದೇ ಹಲ್ಲೆಂದು ತಿಳಿದು ಕೂರಿಸಿರುತ್ತೀಯ. ಹಾಗೆಂದೇ ನಂಬಲು ನೋಡುತ್ತಿದ್ದೇನೆ. ಆದರೆ ಅಮ್ಮನ ಚಹಾ ಕಪ್ಪಿನ ಹಿಡಿ ಮುರಿದ ದಿನ ಬೇರೊಂದು ಕಪ್ಪಿನ ಹಿಡಿ ಅಂಟಿಸಿ, "ಅಕ್ಕಾ, ಮೊದ್ಲಿಂದ ಹೀಗೇ ಇತ್ತು ಅನ್ನು" ಎಂದು ನನ್ನ ಲಂಗ ಹಿಡಿದು ನಿಂತಿದ್ದೆಯಲ್ಲ, ಆ ಮುಖ ಕಣ್ಣೆದುರು ಬಂತು. ಬಿಸಿ ಚಹಾ ತುಂಬಿದ ಕೂಡಲೇ ಹಿಡಿ ಕಳಚಿತು. ಸುಟ್ಟದ್ದು ಅಮ್ಮನ ಕೈ. ನಾಳೆ ಮುಂದಿನ ಸಾಲಿನಲ್ಲಿ ನಿನ್ನ ಹಳೆಯ ಪ್ರೊಫೆಸರ್ ಕೂತಿರುತ್ತಾರೆ, ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡೇ. ನೀನಾಗಿ ಹೇಳಿದರೆ ಅದು ಬರೀ ಕಣ್ತಪ್ಪು. ಅವರು ಕಂಡುಹಿಡಿದರೆ ಮೋಸ.

ಡ್ರೈವರ್ ಹಾರ್ನ್ ಒತ್ತುತ್ತಿದ್ದಾನೆ. ನಿನ್ನ ಭಾವ ನಿನ್ನನ್ನು ಕೇಳಿದೆ ಎಂದು ತಿಳಿಸಲು ಹೇಳಿದ್ದಾರೆ. ಏನೇ ಆದರೂ ಭಾಷಣ ಮುಗಿದ ಮೇಲೆ ನೇರ ನಮ್ಮ ಮನೆಗೇ ಬಾ. ನಿನಗೆ ಒಳ್ಳೆಯದಾಗಲಿ.

ನಿನ್ನ
ಅಕ್ಕ

ತಾ.ಕ.: ಪೆಟ್ಟಿಗೆ ತೆರೆದಾಗ ಗಾಬರಿಯಾಗಬೇಡ. ಅಂಟು ಕರಗಿಸಿದ್ದೇನೆ. ಹಲ್ಲು ನನ್ನ ಮೇಜಿನ ಮೇಲಿದೆ. ನಾಳೆ ಅವರಿಗೆ ಆ ಖಾಲಿ ಕುಳಿಯನ್ನೇ ಮೊದಲು ತೋರಿಸು.