ಬೆಂಕಿ ಹಚ್ಚಿದ ಮೇಲೆ ಪಕ್ಕದಲ್ಲೇ ನಿಂತಿರುವುದು

ಫೆಬ್ರವರಿ 4, ಭಾನುವಾರ, ಬೆಳಿಗ್ಗೆ 9

ಗೋಡೆಯಿಂದ ಹತ್ತು ಅಡಿ. ಮತ್ತೆ ಅಳೆದೆ. ಹತ್ತೇ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಸುತ್ತಿಟ್ಟೆ. ಪ್ಲಾಸ್ಟಿಕ್ ಕುರ್ಚಿಗಳನ್ನು ಗಡಿಪಾರು ಮಾಡಿದೆ. ಈಗ ಹಿತ್ತಲಿನ ನಟ್ಟನಡುವೆ ಸದರಿ ಯಂತ್ರ ಒಂಟಿಯಾಗಿ ನಿಂತಿದೆ, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ನೆಂಟನ ಹಾಗೆ.

ಪೆಲೆಟ್ ಗ್ರಿಲ್. ಕಂಪನಿಯವರೇ ಮನೆಗೆ ಕಳಿಸಿದ್ದು. ಬಳಸಿ ನೋಡಿ ಕೈಪಿಡಿ ಬರೆದುಕೊಡಬೇಕು. ಹತ್ತೊಂಬತ್ತು ವರ್ಷದಿಂದ ಇದೇ ಕಸುಬು — ಫ್ಯಾನು, ಮಿಕ್ಸಿ, ಗೀಸರ್. ಡಬ್ಬಿ ತೆರೆದ ತಕ್ಷಣ ಜನ ಬಿಸಾಡುವ ಆ ಪುಟ್ಟ ಪುಸ್ತಕವಿದೆಯಲ್ಲ, ಅದರ ಕರ್ತೃ ನಾನು. ಓದುಗರಿಲ್ಲದೆ ಇಷ್ಟು ಪ್ರತಿ ಅಚ್ಚಾದ ಲೇಖಕ ಇನ್ನೊಬ್ಬನಿರಲಾರ.

ಯಂತ್ರ ಸರಳ. ಪಕ್ಕದಲ್ಲಿ ಒಂದು ಡಬ್ಬ, ಅದರ ತುಂಬ ಮರದ ಪುಡಿ ಒತ್ತಿ ಮಾಡಿದ ಗುಳಿಗೆ. ಕರೆಂಟಿನ ತಿರುಪು ಅವನ್ನು ತಳ್ಳಿ ತಳ್ಳಿ ಒಳಗಿನ ಬೆಂಕಿ ಬಟ್ಟಲಿಗೆ ಬೀಳಿಸುತ್ತದೆ. ಫ್ಯಾನು ಊದುತ್ತದೆ. ಮೇಲೆ ಜಾಲರಿಯಲ್ಲಿ ಊಟ ಬೇಯುತ್ತದೆ. ಮನುಷ್ಯ ಮಾಡಬೇಕಾದ್ದು ಒಂದೇ — ಪಕ್ಕದಲ್ಲಿ ನಿಂತಿರುವುದು.

ಅದೇ ಪರೀಕ್ಷೆ. ಪರೀಕ್ಷಕರು ನನ್ನ ಹೆಂಡತಿ.

ಅದೇ ದಿನ, ಸಂಜೆ 5

ಎರಡು ಆಲೂಗಡ್ಡೆ ಸುಟ್ಟೆ. ಮುಚ್ಚಳ ತೆರೆದೇ ಹೊತ್ತಿಸಿದೆ. ಕದಲಲಿಲ್ಲ. ಯಾರೂ ನೋಡಲಿಲ್ಲ ಅನ್ನುವುದೇ ಬೇಜಾರು.

ಜನವರಿ ವಿಷಯ ಇಲ್ಲಿ ಒಮ್ಮೆ ಬರೆದು ಮುಗಿಸುತ್ತೇನೆ. ಇಸ್ತ್ರಿಪೆಟ್ಟಿಗೆಯ ಕೈಪಿಡಿ ನಡೆದಿತ್ತು. ಮಂಚದ ಮೇಲೆ ಹೊದಿಕೆ ಹಾಸಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ. ಮಂಚದ ಆ ಬದಿ ಮಗಳು ಪುಟ್ಟಿ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಥಟ್ಟನೆ ಒಂದು ವಾಕ್ಯ ಹೊಳೆಯಿತು. ಒಳ್ಳೇ ವಾಕ್ಯ. ಮರೆತುಹೋದೀತೆಂದು ಪಕ್ಕದ ಕೋಣೆಗೆ ಓಡಿ ಬರೆದುಕೊಂಡೆ: "ಬಿಸಿಯಾಗಿರುವ ಇಸ್ತ್ರಿಪೆಟ್ಟಿಗೆಯನ್ನು ಕ್ಷಣಮಾತ್ರವೂ ಬಿಟ್ಟು ಹೋಗಬೇಡಿ." "ಕ್ಷಣಮಾತ್ರ" ಸರಿಯೋ "ಒಂದು ಕ್ಷಣ" ಸರಿಯೋ ಎಂದು ಯೋಚಿಸುತ್ತಾ ಕೂತೆ. ವಾಸನೆ ಬಂತು. ಹೊದಿಕೆಗೆ ಹಿಡಿದಿತ್ತು. ಪುಟ್ಟಿಯ ಜಡೆಯ ತುದಿಗೆ ಬೆಂಕಿ ಬರಲು ಇನ್ನೊಂದು ಗೇಣು.

ಹೆಂಡತಿ ಕೂಗಾಡಲಿಲ್ಲ. ಅದೇ ಭಯವಾಗಿದ್ದು. ಹೊದಿಕೆ ನೆನೆಸಿದಳು, ಕಿಟಕಿ ತೆರೆದಳು, ನಾನು ಬರೆದಿದ್ದ ಹಾಳೆ ಓದಿದಳು. ಸಂಜೆಯೊಳಗೆ ಮಗಳನ್ನು ಕರಕೊಂಡು ಅಕ್ಕನ ಮನೆಗೆ ಹೋದಳು. ಮೂರು ಬೀದಿ ಆಚೆ.

ಮೊನ್ನೆ ಗ್ರಿಲ್ ಬಂತೆಂದು ತಿಳಿದು ಫೋನ್ ಮಾಡಿದ್ದಳು.

"ಬೆಂಕಿ ಕೆಲಸಾನೇ ಸಿಕ್ತಾ ನಿಮಗೆ?"

"ಕೊಟ್ಟಿದ್ದನ್ನ ಮಾಡ್ಬೇಕಲ್ಲ."

"ಸರಿ ಹಾಗಾದ್ರೆ. ಆರು ಭಾನುವಾರ ಮಾಡಿ. ಆರನೇದಕ್ಕೆ ನಾನು ಬರ್ತೀನಿ. ರುಚಿ ಗಿಚಿ ಏನೂ ಕೇಳಲ್ಲ. ಹಚ್ಚಿದ ಮೇಲೆ ಅದರ ಪಕ್ಕದಲ್ಲೇ ನಿಂತಿರ್ಬೇಕು. ನಿಂತಿದ್ರೆ ಆವತ್ತೇ ಬಟ್ಟೆಬರೆ ತಗೊಂಡು ವಾಪಸ್ ಬರ್ತೀನಿ. ಇಲ್ದಿದ್ರೆ ಶಾಲೆ ಹತ್ರ ಬಾಡಿಗೆ ಮನೆ ನೋಡ್ತೀನಿ."

"ಇಷ್ಟೇನಾ?"

"ಇಷ್ಟೇ ರೀ. ನಿಮಗೆ ಇದು ಎಷ್ಟು ಕಷ್ಟ ಅಂತ ನಿಮಗಿನ್ನೂ ಗೊತ್ತಿಲ್ಲ."

ಫೆಬ್ರವರಿ 11, ಭಾನುವಾರ

ಎಡ ಹುಬ್ಬು ಹೋಯಿತು.

ನಡೆದದ್ದು ಹೀಗೆ. ಗುಳಿಗೆ ಚೀಲ ರಾತ್ರಿ ಹೊರಗೇ ಉಳಿದು ಮಂಜಿಗೆ ತೇವ ಹಿಡಿದಿತ್ತು. ಹೊತ್ತಿಸಿದೆ. ಚೆನ್ನಾಗಿ ಉರಿಯುತ್ತಿತ್ತು. "ತೇವವಾದ ಗುಳಿಗೆ ಉಬ್ಬುತ್ತದೆ" ಎಂಬ ವಾಕ್ಯ ಬರೆದುಕೊಂಡು ಬರಲು ಒಳಗೆ ಹೋದೆ. ಎರಡೇ ನಿಮಿಷ. ಆರು ಇರಬಹುದು. ಬಂದು ನೋಡಿದರೆ ಬೆಂಕಿ ಆರಿದೆ. ತಿರುಪು ಮಾತ್ರ ಪ್ರಾಮಾಣಿಕ ನೌಕರನ ಹಾಗೆ ಗುಳಿಗೆ ತಳ್ಳುತ್ತಲೇ ಇತ್ತು. ಬಟ್ಟಲು ತುಂಬಿ ರಾಶಿ. ಆರಿದರೆ ತಣ್ಣಗಾಗಲು ಬಿಟ್ಟು, ಬಟ್ಟಲು ಪೂರ್ತಿ ಖಾಲಿ ಮಾಡಿ, ಆಮೇಲೆ ಹೊತ್ತಿಸಬೇಕು. ಗೊತ್ತು. ಕಂಪನಿ ಕಳಿಸಿದ ಇಂಗ್ಲಿಷ್ ಮೂಲ ಕೈಪಿಡಿಯ ನಾಲ್ಕನೇ ಪುಟದಲ್ಲಿದೆ. ಆದರೆ ಮೊದಲ ಆರು ಪುಟ ಕೋರ್ಟಿಗಾಗಿ ಬರೆಯುವಂಥವು ಅಂತ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರು? ಬರೆಯುವವನು ನಾನೇ ತಾನೇ. ಹನ್ನೊಂದೂವರೆಗೆ ಷಡ್ಡಕ ಪುಟ್ಟಿಯನ್ನು ಕರೆತರುವವನಿದ್ದ. ಮುಚ್ಚಳ ಹಾಕಿ ಗುಂಡಿ ಒತ್ತಿದೆ.

ಮೊದಲು ಬಿಳಿ ಹೊಗೆ. ಆಮೇಲೆ ಹಳದಿ. ಬಗ್ಗಿ ನೋಡಿದೆ. ಢಬ್! ಮುಚ್ಚಳ ಎದ್ದು ನನಗೆ ವಂದಿಸಿತು.

ಸರಿಯಾಗಿ ಅದೇ ಹೊತ್ತಿಗೆ ಹಿತ್ತಲ ಗೇಟು ಕಿರ್ ಎಂದಿತು. ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ಇನ್ಶೂರೆನ್ಸ್ ಸರ್ವೇಯರ್. ಸುಟ್ಟ ಮನೆಗಳನ್ನು ನೋಡಿ ವರದಿ ಬರೆಯುವುದು ಅವನ ಕೆಲಸ. ನಾಯಿ ಮೂಳೆ ನೋಡುವ ಹಾಗೆ ನನ್ನ ಮುಖ ನೋಡಿದ.

"ಏನ್ ಸಾಹಿತಿಗಳೇ, ಹೊಸ ಅಧ್ಯಾಯಾನಾ?"

"ಅವಳಿಗೆ ಹೇಳ್ಬೇಡ ಮಾರಾಯ."

"ನಾನು ಹೇಳಲ್ಲಪ್ಪ. ನಿನ್ನ ಮುಖಾನೇ ಹೇಳುತ್ತೆ."

ಪುಟ್ಟಿ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಹೋದಳು. ಹನ್ನೆರಡು ವರ್ಷಕ್ಕೇ ಅಮ್ಮನ ಗತ್ತು. ಚೀಲದಿಂದ ಡ್ರಾಯಿಂಗ್ ಪೆನ್ಸಿಲ್ ತೆಗೆದಳು.

"ಅಲ್ಲಾಡ್ಬೇಡಿ ಅಪ್ಪ. ಅಲ್ಲಾಡಿದ್ರೆ ಯಾವಾಗ್ಲೂ ಆಶ್ಚರ್ಯ ಆದೋರ ಥರ ಕಾಣ್ತೀರ."

ಅಲ್ಲಾಡಿದೆ.

ಸಂಜೆ ವೀಡಿಯೊ ಕಾಲ್. ಹೆಂಡತಿ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. "ಒಂದು ಹುಬ್ಬು ಮಾತ್ರ ಯಾಕೆ ಖುಷಿಯಾಗಿದೆ?"

ಹೇಳಿಬಿಟ್ಟೆ. ಎಲ್ಲ.

"ಬೆಂಕಿ ಆರಿದಾಗ ಎಲ್ಲಿದ್ರಿ?"

"ಒಳಗೆ."

"ಏನ್ಮಾಡ್ತಿದ್ರಿ?"

ಉತ್ತರ ಅವಳಿಗೆ ಗೊತ್ತಿತ್ತು. ಆದರೂ ನನ್ನ ಬಾಯಲ್ಲೇ ಹೇಳಿಸಿದಳು.

ಫೆಬ್ರವರಿ 18, ಭಾನುವಾರ, ಸಂಜೆ

ಹೊಸ ಕಾನೂನು ಬಂದಿದೆ. ಭಾನುವಾರ ಮನೆಯಲ್ಲಿ ಪೆನ್ನು ಇರಕೂಡದು. ಬೆಳಿಗ್ಗೆ ಪುಟ್ಟಿ ಬಂದವಳೇ ಜಪ್ತಿ ಶುರು ಮಾಡಿದಳು. ಶರ್ಟಿನ ಜೇಬು, ಮೇಜಿನ ಡ್ರಾ, ಫ್ರಿಜ್ ಮೇಲೆ, ಶೂ ಒಳಗೆ. ಹದಿನೇಳು ಪೆನ್ನು. ಬಿಸ್ಕತ್ ಡಬ್ಬಕ್ಕೆ ತುಂಬಿ ಅದರ ಮೇಲೇ ಕೂತಳು, ಗ್ರಿಲ್‌ನಿಂದ ದೂರ ನಾನು ಸೀಮೆಸುಣ್ಣದಲ್ಲಿ ಎಳೆದ ಗೆರೆಯ ಆಚೆ. ಸಂಜೆ ಹೋಗುವಾಗ ವಾಪಸ್ ಕೊಟ್ಟಳು. ಆದ್ದರಿಂದ ಈಗ ಬರೆಯುತ್ತಿರುವುದು ಕಾನೂನುಬದ್ಧ.

ನಿಂತಿದ್ದೆ. ಒಂದೂವರೆ ಗಂಟೆ. ಬೆಂಕಿಯ ಪಕ್ಕ ಸುಮ್ಮನೆ ನಿಲ್ಲುವುದೆಂದರೆ ಏನೆಂದು ಈಗ ತಿಳಿಯಿತು. ಮೂಗು ತುರಿಸುತ್ತದೆ. ವಾಕ್ಯಗಳು ಸೊಳ್ಳೆಗಳ ಹಾಗೆ ಬರುತ್ತವೆ. ಹೊಡೆಯಲು ಕೈಯಲ್ಲಿ ಏನೂ ಇಲ್ಲ.

ಜೋಳದ ತೆನೆ ಚೆನ್ನಾಗಿ ಬೆಂದಿತು. ಆಫ್ ಒತ್ತಿದೆ. ಫ್ಯಾನು ಗುಂಯ್ ಅನ್ನುತ್ತಲೇ ಇತ್ತು.

"ಆಫ್ ಮಾಡಿದ್ರಲ್ಲ, ಇನ್ನೂ ಯಾಕೆ ಉಸಿರಾಡುತ್ತೆ?"

"ಒಳಗಿರೋದು ಪೂರ್ತಿ ಸುಟ್ಟುಹೋಗ್ಬೇಕು ಪುಟ್ಟಿ. ಹತ್ತು ನಿಮಿಷ ಬೇಕು. ಮಧ್ಯದಲ್ಲಿ ಪ್ಲಗ್ ಕಿತ್ರೆ ಬೆಂಕಿ ತಿರುಪಿನ ದಾರಿ ಹಿಡಿದು ಡಬ್ಬಕ್ಕೇ ಬಂದ್ಬಿಡುತ್ತೆ."

"ಅಮ್ಮನೂ ಹಾಗೇ. ಜಗಳ ನಿಲ್ಸಿದ ಮೇಲೂ ಹತ್ತು ನಿಮಿಷ ಉಸಿರು ಕೇಳ್ಸುತ್ತೆ."

"ಈಗಲೂ ಕೇಳ್ಸುತ್ತಾ?"

"ಇಲ್ಲ," ಅಂದಳು. "ಈಗ ಅಮ್ಮ ಜಗಳಾನೇ ಆಡಲ್ಲ."

ತೆನೆ ಆಮೇಲೆ ಸೇರಲಿಲ್ಲ.

ಫೆಬ್ರವರಿ 25

ನಿಂತಿದ್ದೆ. ಕಾಲು ನೋವು.

ಮಾರ್ಚ್ 3, ಭಾನುವಾರ

ಐದನೆಯದೂ ಆಯಿತು. ಮೊದಲ ಬಾರಿ ಕೋಳಿ ಕಾಲು. ಚರ್ಮ ಸಮೇತ. ಕೊಬ್ಬು ತೊಟ್ಟಿಕ್ಕಿ ತೊಟ್ಟಿಕ್ಕಿ ಜಾಲರಿಯ ಕೆಳಗಿನ ಜಿಡ್ಡಿನ ತಟ್ಟೆ ಕೆಸರುಗದ್ದೆಯಾಗಿದೆ. ಅದನ್ನು ಕೆರೆದು ತೆಗೆಯದೆ ಮತ್ತೆ ಹಚ್ಚಿದರೆ ಜಿಡ್ಡಿಗೇ ಬೆಂಕಿ ಹತ್ತುತ್ತದೆ. ಇನ್ನೂ ಬಿಸಿ. ತಣ್ಣಗಾದ ಮೇಲೆ ಮಾಡೋಣ. ಬೂದಿಯನ್ನೂ ಇವತ್ತು ಮುಟ್ಟಬಾರದು. ಮೇಲೆ ಸತ್ತಂತಿದ್ದು ಒಳಗೆ ಒಂದಿಡೀ ದಿನ ಕೆಂಡ ಇಟ್ಟುಕೊಂಡಿರುತ್ತದೆ.

ಷಡ್ಡಕ ಎರಡು ಕಾಲು ತಿಂದು ಮೂರನೆಯದಕ್ಕೆ ಕೈ ಹಾಕಿ ಅಂದ, "ಸಾಹಿತಿಗಳೇ, ಪಾಸಾಗೋ ಲಕ್ಷಣ ಇದೆ. ನಾನು ನೂರಾರು ಸುಟ್ಟ ಮನೆ ನೋಡಿದೀನಿ. ಎಲ್ಲರೂ ಹೇಳೋದು ಒಂದೇ. ಈಗ ತಾನೆ ಒಳಗೆ ಹೋಗಿದ್ದೆ ಸಾರ್, ಅಂತ."

ನಕ್ಕೆ. ಅವನು ನಗಲಿಲ್ಲ.

ಮಾರ್ಚ್ 6, ಬುಧವಾರ

ಹೆಂಡತಿಯ ಮೆಸೇಜು: "ಶಾಲೆ ಪಕ್ಕ ಮನೆ ನೋಡ್ದೆ. ಎರಡು ರೂಮು. ಅಡುಗೆಮನೆಗೆ ಬೆಳಕಿದೆ. ಸೋಮವಾರ ಹೇಳ್ತೀನಿ ಅಂದಿದೀನಿ."

ಓದಿ ಓದಿ ಬಾಯಿಪಾಠವಾಯಿತು. "ಅಡುಗೆಮನೆಗೆ ಬೆಳಕಿದೆ" ಅಂತ ನನಗೆ ಯಾಕೆ ಹೇಳಬೇಕಿತ್ತು? ಬೆಳಕಿನ ಅಡುಗೆಮನೆ ಬೇಕೆಂದು ಹನ್ನೊಂದು ವರ್ಷದಿಂದ ಕೇಳುತ್ತಿದ್ದಳು. ಕಿಟಕಿ ಒಡೆಸುತ್ತೇನೆ ಅಂದಿದ್ದೆ. ಗೋಡೆಯ ಮೇಲೆ ಪೆನ್ಸಿಲಲ್ಲಿ ಗುರುತೂ ಹಾಕಿದ್ದೆ. ಗುರುತು ಇನ್ನೂ ಇದೆ.

ಮಾರ್ಚ್ 9, ಶನಿವಾರ

ಬಿಸ್ಕತ್ ಡಬ್ಬ ನಾನೇ ಒಯ್ದು ಷಡ್ಡಕನ ಕೈಗೆ ಕೊಡಲಿದ್ದೇನೆ. ಮರ್ಯಾದೆಯಿಂದ ಶರಣಾಗತಿ. ಇದು ಕೊನೆಯ ಪೆನ್ನು, ಬರೆದ ಮೇಲೆ ಇದೂ ಡಬ್ಬಕ್ಕೆ.

ಗುಳಿಗೆ ಒಣಗಿದೆ, ಮನೆಯೊಳಗೇ ಇದೆ. ಬೂದಿ ಕಬ್ಬಿಣದ ಬಕೆಟ್ಟಿನಲ್ಲಿ. ವೈರು ನೋಡಿದೆ. ಬೆಂಕಿ ಬಟ್ಟಲು ಕನ್ನಡಿಯ ಹಾಗಿದೆ. ಜಿಡ್ಡಿನ ತಟ್ಟೆ ಒಂದು ಬಾಕಿ. ನಾಳೆ ಬೆಳಿಗ್ಗೆ. ಅವಳು ಮಗಳ ಜೊತೆ ಹನ್ನೆರಡೂವರೆಗೆ ಬರುತ್ತಾಳೆ.

ಐದು ಭಾನುವಾರದಲ್ಲಿ ನಾಲ್ಕು ನಿಂತಿದ್ದೇನೆ. ಮನುಷ್ಯ ಬದಲಾಗಬಲ್ಲ ಅಂತ ಕೈಪಿಡಿಯಲ್ಲಿ ಎಲ್ಲೂ ಬರೆದಿಲ್ಲ. ಬರೆಯಬಾರದು ಅಂತಲೂ ಇಲ್ಲ.

ಮಾರ್ಚ್ 10, ಭಾನುವಾರ, 10.40

ಇದು ಪೆನ್ನಲ್ಲ. ದಾಖಲೆಯಲ್ಲಿರಲಿ.

ಪುಟ್ಟಿಯ ಡ್ರಾಯಿಂಗ್ ಪೆನ್ಸಿಲ್. ನನ್ನ ಹುಬ್ಬಿನ ಪೆನ್ಸಿಲ್. ಬಚ್ಚಲಿನ ಕಪಾಟಿನಲ್ಲಿ ಸಿಕ್ಕಿತು, ಜಿಡ್ಡಿನ ಕೈ ತೊಳೆಯಲು ಹೋದಾಗ. ಗೇಣಿನಷ್ಟಿದ್ದದ್ದು ಈಗ ಬೆರಳಿನಷ್ಟಿದೆ.

ಜಿಡ್ಡಿನ ತಟ್ಟೆ ಕೆರೆಯುತ್ತಿದ್ದೆ. ಆಗಲೇ ಬಂತು. ಐದು ವಾರದಿಂದ ಹುಡುಕುತ್ತಿದ್ದ ವಾಕ್ಯ, ಇಡೀ ಕೈಪಿಡಿಯ ಮೊದಲ ಸಾಲು: "ಈ ಯಂತ್ರಕ್ಕೆ ಬೇಕಾದ್ದು ನಿಮ್ಮ ಕೌಶಲವಲ್ಲ, ನಿಮ್ಮ ಹಾಜರಿ." ಬರೆದಿಟ್ಟೆ. ಇನ್ನೂ ಹೊತ್ತಿಸಿಲ್ಲವಲ್ಲ. ಬೆಂಕಿಯಿಲ್ಲದಾಗ ಬರೆದರೆ ನಿಯಮಭಂಗವೇನೂ ಅಲ್ಲ.

ಪೆನ್ಸಿಲನ್ನು ವಾಪಸ್ ಕಪಾಟಿಗೆ ಇಡುತ್ತೇನೆ.

11.50

ಇಟ್ಟಿರಲಿಲ್ಲ. ಜೇಬಿನಲ್ಲಿತ್ತು.

ಹೊತ್ತಿಸಿದೆ. ಮುಚ್ಚಳ ತೆರೆದು, ಕ್ರಮಪ್ರಕಾರ. ಕೋಳಿ ಕಾಲು ಹದಿನಾಲ್ಕು. ನೀಲಿ ತೆಳು ಹೊಗೆ. ನಲವತ್ತು ನಿಮಿಷ ಪಕ್ಕದಲ್ಲೇ ನಿಂತಿದ್ದೆ, ಸತ್ಯವಾಗಿ. ಮೇಜಿಗೆ ತಟ್ಟೆ ಹಾಕಲು ಒಳಗೆ ಬಂದೆ. ಮೂರು ತಟ್ಟೆ. ಈ ಮನೆಯಲ್ಲಿ ಮೂರು ತಟ್ಟೆ ಒಟ್ಟಿಗೆ ತೆಗೆದು ಎರಡು ತಿಂಗಳಾಯಿತು. ಕೆಳಗಿನದಕ್ಕೆ ಧೂಳು ಕೂತಿತ್ತು. ಒರೆಸಿದೆ.

ಮೇಜು ಕಿಟಕಿಯ ಪಕ್ಕ. ಕಿಟಕಿಯಿಂದ ಗ್ರಿಲ್ ಚೆನ್ನಾಗಿ ಕಾಣುತ್ತದೆ. ಹತ್ತೇ ಅಡಿ. ಇದು ಬಿಟ್ಟು ಬಂದ ಲೆಕ್ಕವಲ್ಲ.

"ಹಾಜರಿ" ಒಳ್ಳೆಯ ಪದವೇ? ಶಾಲೆಯ ಪದ ಅನ್ನಿಸುತ್ತದೆ. "ಉಪಸ್ಥಿತಿ" ಅಂದರೆ ಸಭೆಯ ಪದ. "ನೀವು ಅಲ್ಲಿರುವುದು" ಅಂದರೆ? "ಈ ಯಂತ್ರಕ್ಕೆ ಬೇಕಾದ್ದು ನಿಮ್ಮ ಕೌಶಲವಲ್ಲ. ನೀವು ಅಲ್ಲಿರುವುದು." ಇದು ಚೆನ್ನಾಗಿದೆ. ಇದು ನಿಜವಾಗಿಯೂ ಚೆನ್ನಾಗಿದೆ. ಬಂದ ತಕ್ಷಣ ಅವಳಿಗೆ ತೋರಿಸ— ಛೆ, ತೋರಿಸಬಾರದು.

12.20

ಹೊಗೆ ಬಣ್ಣ ಬದಲಾಯಿಸಿದೆ. ಬಿಳಿಯೂ ಅಲ್ಲ, ಹಳದಿಯೂ ಅಲ್ಲ. ಕಪ್ಪು. ಮುಚ್ಚಳದ ಸಂದಿಯಲ್ಲಿ ಕೆಂಪು ನಾಲಿಗೆ.

ತಟ್ಟೆ... ಜಿಡ್ಡಿನ ತಟ್ಟೆ. ಅರ್ಧ ಕೆರೆದಿದ್ದೆ. ವಾಕ್ಯ ಬಂತು, ಎದ್ದೆ. ಕೈ ತೊಳೆದೆ, ಪೆನ್ಸಿಲ್ ಸಿಕ್ಕಿತು, ಬರೆದೆ. ವಾಪಸ್ ಹೋಗಿ ಜಾಲರಿ ಮುಚ್ಚಿ ಹೊತ್ತಿಸಿದೆ. ಇನ್ನರ್ಧ ಅಲ್ಲೇ ಇದೆ.

ಮುಚ್ಚಳ ತೆರೆಯಬಾರದು. ನೀರು ಹಾಕಲೇಬಾರದು. ಆಫ್ ಒತ್ತಿ, ಗಾಳಿ ಸಿಗದಂತೆ ಮುಚ್ಚಿಟ್ಟು, ದೂರ ನಿಂತು, ಪಕ್ಕದಲ್ಲಿ ಯಾರನ್ನೂ ಬಿಡದೆ. ಎಲ್ಲ ಗೊತ್ತು. ಎಲ್ಲ ಸರಿಯಾಗಿ ಬರೆದಿದ್ದೇನೆ, ಎಂಟನೇ ಪುಟ, ದಪ್ಪಕ್ಷರ. ಎದ್ದು ಹೋಗಬೇಕು. ಏಳುತ್ತಿದ್ದೇನೆ. ಈ ಸಾಲು ಮುಗಿ

ಗೇಟು ಕಿರ್ ಎಂದಿತು. ಹತ್ತು ನಿಮಿಷ ಮೊದಲೇ ಬಂದಿದ್ದಾಳೆ. ಕೈಯಲ್ಲಿ ದೊಡ್ಡ ಬ್ಯಾಗು, ಬಟ್ಟೆಬರೆಯದು. ಪುಟ್ಟಿಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡಳು. ಗ್ರಿಲ್ ಕಡೆ ನೋಡುತ್ತಿಲ್ಲ. ಕಿಟಕಿ ಕಡೆ ನೋಡುತ್ತಿದ್ದಾಳೆ. ಪೆನ್ಸಿಲ್ ಇನ್ನೂ